ಮಾಸ್ತಮ್ಮನ ಮನೆಯ ತನಕ

“ಶಿವನೇ, ಇಲ್ಲಿಂದ ಅಲ್ಲೀತನಕ ಹೋಗೋದಾದ್ರೂ ಹೆಂಗೆ?”

ಜಗದಾಂಬಮ್ಮ ಕೇಳಿದ್ದು ಯಾರನ್ನೂ ಅಲ್ಲ. ಬೆಳಗಿನ ಲಿಂಗಪೂಜೆ ಮುಗಿದಿತ್ತು. ಹಣೆಯ ವಿಭೂತಿ ಇನ್ನೂ ಹಸಿಯಿತ್ತು. ಜಗಲಿಗೆ ಬಂದು ಕಂಬ ಹಿಡಿದು ನಿಂತು, ಬೀದಿಯ ಕೆರೆಕಡೆ ತುದಿಯನ್ನು ನೋಡುತ್ತ ಹಾಗಂದರು. ಒಂದು ಗಳಿಗೆ ನಿಂತು, ಮತ್ತೆ ಒಳಗೆ ಹೋದರು.

ಅದೇ ಜಗಲಿಯ ಇನ್ನೊಂದು ಬದಿಗೆ ಮಗ ವೀರಬಸಪ್ಪನ ಬೆಲ್ಲ, ಕಾಳಿನ ಅಂಗಡಿ. ತಕ್ಕಡಿಗೆ ಬೆಲ್ಲದ ಪೆಂಟೆ ಇಡುತ್ತಿದ್ದ ಅವನ ಕಿವಿಗೆ ಆ ಮಾತು ಬಿತ್ತು. ಬಿದ್ದರೂ ಅವನು ತಲೆ ಎತ್ತಲಿಲ್ಲ. ವಯಸ್ಸಾದವರು ತಮ್ಮಷ್ಟಕ್ಕೆ ಏನೋ ಮಾತಾಡಿಕೊಳ್ಳುತ್ತಾರೆ ಅಂದುಕೊಂಡ.

ಶಿಕಾರಿಪುರದ ಆ ಪೇಟೆ ಬೀದಿ ಬಹಳ ಹಳೆಯದು. ಎರಡು ಎತ್ತಿನಗಾಡಿ ಎದುರುಬದುರು ಬಂದರೆ ಒಂದನ್ನೊಂದು ದಾಟಿ ಹೋಗುವಷ್ಟು ಅಗಲ ಇಟ್ಟು ಹಿರಿಯರು ಕಟ್ಟಿದ್ದರು. ಎರಡೂ ಬದಿಗೆ ಮರದ ಕಂಬದ ಜಗಲಿಗಳು. ಜಗಲಿ ಮುಂದೆ ಚರಂಡಿ, ಚರಂಡಿ ಮೇಲೆ ಹಾಸುಗಲ್ಲು. ಆ ಕಲ್ಲಿನ ಮೇಲೇ ಜನ ನಡೆಯುತ್ತಿದ್ದರು. ಈಗಲೂ ಕಲ್ಲು ಇದೆ, ಆದರೆ ಕಾಣುವುದಿಲ್ಲ. ಒಬ್ಬರ ಅಂಗಡಿ ಮುಂದೆ ಮೂಟೆ, ಇನ್ನೊಬ್ಬರ ಮುಂದೆ ಪ್ಲಾಸ್ಟಿಕ್ ಕೊಡಗಳ ರಾಶಿ, ಮತ್ತೊಬ್ಬರ ಮುಂದೆ ಸಾಲಾಗಿ ಬೈಕು. ಉಳಿದ ಜಾಗದಲ್ಲಿ ಕಲ್ಲು ಒಡೆದು ಬಾಯಿ ತೆರೆದ ಚರಂಡಿ. ನಡೆಯುವವರು ರಸ್ತೆಗೇ ಇಳಿಯಬೇಕು. ರಸ್ತೆಯಲ್ಲಿ ಆಟೋ, ಲಾರಿ, ಹಾರನ್ನು.

ಬೀದಿಯ ಕೆರೆಕಡೆ ತುದಿಗೆ ಮಠ. ಮಠದ ಪಕ್ಕದ ಮನೆ ಮಾಸ್ತಮ್ಮನದು. ತೊಗರ್ಸಿಯ ರೈತರ ಮಗಳು, ಮದುವೆಯಾಗಿ ಈ ಬೀದಿಗೆ ಬಂದವರು. ಮಗ ಗಣೇಶ ಮನೆ ಮುಂದೆಯೇ ಸೈಕಲ್ ರಿಪೇರಿ ಮಾಡುತ್ತಾನೆ. ಜಗದಾಂಬಮ್ಮನಿಗೂ ಮಾಸ್ತಮ್ಮನಿಗೂ ನೆಂಟಸ್ತಿಕೆ ಏನೂ ಇಲ್ಲ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಓದಿಸುತ್ತಾರಲ್ಲ, ಅಲ್ಲಿ ಒಂದೇ ಕಂಬಕ್ಕೆ ಒರಗಿ ಕೂತು ಕೇಳಿ ಕೇಳಿ ಗೆಳತಿಯರಾದವರು.

ಇಬ್ಬರಿಗೂ ಒಂದು ರೂಢಿ ಇತ್ತು. ಪುರಾಣ ಮುಗಿದ ಮೇಲೆ ಮಾಸ್ತಮ್ಮ ಗೆಳತಿಯನ್ನು ಅರ್ಧ ಬೀದಿಯ ತನಕ ಬಿಟ್ಟು ಬರುವುದು. ನಡೆಯುತ್ತ ನಡೆಯುತ್ತ ಆವತ್ತು ಕೇಳಿದ ಪದ್ಯವನ್ನು ಹೇಳಿಕೊಳ್ಳುವುದು. ಪದ್ಯದ ಮೊದಲರ್ಧ ಮಾಸ್ತಮ್ಮನ ಪಾಲು, ಕೊನೆಯರ್ಧ ಜಗದಾಂಬಮ್ಮನ ಪಾಲು. ಸಾಲು ಮರೆತರೆ ಇಬ್ಬರೂ ಅಲ್ಲೇ ನಿಲ್ಲುವರು. ನೆನಪಾಗುವ ತನಕ ಮುಂದಿನ ಹೆಜ್ಜೆ ಇಲ್ಲ. ಬೀದಿ ಮಧ್ಯೆ ಇವರಿಬ್ಬರೂ ಸುಮ್ಮನೆ ನಿಂತಿದ್ದಾರೆ ಅಂದರೆ ಸಾಲು ತಪ್ಪಿದೆ ಅಂತಲೇ ಪೇಟೆಯವರಿಗೆ ಅರ್ಥ. ಗಾಡಿಯವರೂ ನಗುತ್ತ ಬಳಸಿಕೊಂಡು ಹೋಗುತ್ತಿದ್ದರು.

ಕೆಲವು ವರ್ಷಗಳಿಂದ ಅದು ನಿಂತುಹೋಗಿತ್ತು.

“ಮೊಣಕಾಲು ನೋವಪ್ಪ, ಆಗಲ್ಲ,” ಅಂದಿದ್ದರು ಜಗದಾಂಬಮ್ಮ. ವೀರಬಸಪ್ಪ ಎಣ್ಣೆ ತಂದುಕೊಟ್ಟ. ಡಾಕ್ಟರಿಗೆ ತೋರಿಸಿದ. ದೊಡ್ಡ ಟಿವಿ ತಂದ. ಮೊಬೈಲಿನಲ್ಲಿ ಯಾರೋ ಒಳ್ಳೆಯ ಕಂಠದವರು ಓದಿದ ಪುರಾಣ ಹಾಕಿಕೊಟ್ಟ. ಅವರು ಒಂದು ದಿನ ಕೇಳಿ ಪಕ್ಕಕ್ಕಿಟ್ಟರು.

“ಯಾಕವ್ವಾ, ಚೆಂದಾಗಿಲ್ಲೇನು?”

“ಚೆಂದಾಗೈತೆ. ಆದ್ರೆ ನಾ ಮರೆತರೆ ಇದು ನಿಲ್ಲಲ್ಲ ನೋಡು.”

ಅವನಿಗೆ ಅದು ಅರ್ಥವಾಗಲಿಲ್ಲ. ಇಬ್ಬರು ಮುದುಕಿಯರಿಗೂ ಏನೋ ಜಗಳ ಆಗಿರಬೇಕು ಎಂದು ಬಗೆದ. ಪಕ್ಕದ ಬಟ್ಟೆ ಅಂಗಡಿಯ ಸಿದ್ಧಲಿಂಗೇಶ್ ಕೂಡ, “ಹೆಂಗಸರ ಮುನಿಸು ವೀರಣ್ಣ. ನಡುವೆ ನೀನು ಬಾಯಿ ಹಾಕಬೇಡ,” ಅಂತ ನಕ್ಕಿದ್ದ. ಅವ್ವ ಆಗೊಮ್ಮೆ ಈಗೊಮ್ಮೆ, “ನನ್ನ ಒಂದು ಸಲ ಮಠದ ತನಕ ಕರ್ಕೊಂಡು ಹೋಗ್ತೀಯೇನಪ್ಪ?” ಅಂದಾಗ ಅವನು, “ನಾಳೆ ಹೋಗೋಣ ಬಿಡವ್ವಾ,” ಅಂದಿದ್ದ. ನಾಳೆ ಅಂದರೆ ಅಂಗಡಿ ಇತ್ತು, ನಾಡಿದ್ದು ಅಂದರೆ ಲೋಡು ಬರುತ್ತಿತ್ತು.

ಆ ವರ್ಷ ಪುರಸಭೆಯವರು ಪೇಟೆ ಬೀದಿಯನ್ನು ಹೊಸದಾಗಿ ಮಾಡುವ ಸುದ್ದಿ ಹಬ್ಬಿತು. ಇಂಜಿನಿಯರ್ ನಯನ ನಕ್ಷೆ ಹಿಡಿದು ಅಂಗಡಿ ಅಂಗಡಿಗೆ ಬಂದಳು. ಸೊರಬ ತಾಲ್ಲೂಕಿನ ಉಳವಿಯ ಹುಡುಗಿ. ದಿನಾ ಬಸ್ಸಿನಲ್ಲೇ ಓಡಾಡುವವಳು.

“ನೋಡಿ ವೀರಬಸಪ್ನೋರೇ, ಎರಡೂ ಬದಿಗೆ ಎಡವದ ಹಾಗೆ ಸಮತಟ್ಟು ಕಲ್ಲಿನ ಕಾಲುದಾರಿ. ನಡುವೆ ಗಾಡಿಗಳು ಒಂದೇ ದಿಕ್ಕಿಗೆ, ನಿಧಾನಕ್ಕೆ. ಪಕ್ಕದಲ್ಲಿ ಸೈಕಲ್ಲಿಗೆ ಒಂದು ಪಟ್ಟಿ. ಬೀದಿಯ ಎರಡೂ ತುದಿಗೆ ಸಣ್ಣ ಬಸ್ಸು ನಿಲ್ತದೆ. ಬೈಕು, ಕಾರು ಎಲ್ಲ ಹಿಂದಿನ ಸಂತೆ ಮೈದಾನದಲ್ಲಿ. ಲಾರಿ ಬೆಳಗ್ಗೆ ಎಂಟರೊಳಗೆ ಮಾಲು ಇಳಿಸಿ ಹೋಗ್ಬೇಕು.”

“ಮತ್ತೆ ನನ್ನ ಮೂಟೆ?”

“ಒಳಗೆ ಇಟ್ಕೊಳ್ಳಿ ಮಾರಾಯ್ರೇ.”

ವೀರಬಸಪ್ಪನಿಗೆ ಮೈ ಉರಿಯಿತು. “ಈ ಹಾಸುಗಲ್ಲು ನಮ್ಮದು ತಂಗಿ. ನಮ್ಮಪ್ಪನ ಕಾಲದಿಂದ ದಿನಾ ಬೆಳಗ್ಗೆ ಇದನ್ನ ತೊಳೆದು ರಂಗೋಲಿ ಹಾಕೋರು ನಾವು. ಅಮಾಸೆಗೆ ಕಾಯಿ ಒಡೆಯೋರು ನಾವು. ಪುರಸಭೆಯವರು ಒಂದು ದಿನ ಬಂದು ಒಂದು ಚೊಂಬು ನೀರು ಹಾಕಿದ್ದಾರೇನು?”

ಆ ಪೇಟೆಯಲ್ಲಿ ಎಲ್ಲರೂ ಹಾಗೇ ತಿಳಿದಿದ್ದರು. ದಿನಾ ಪೂಜೆ ಮಾಡಿದ ಕಲ್ಲು ತಮ್ಮದೇ ಅಂತ.

ನಯನ ಸಿಟ್ಟಾಗಲಿಲ್ಲ. “ನಿಮ್ಮ ತಂದೆಯವರು ತೊಳೆದಿದ್ದು ಯಾಕೆ ಹೇಳಿ? ನಡೆದು ಬರೋರ ಕಾಲಿಗೆ ಕೆಸರು ಹತ್ತಬಾರದು ಅಂತ ಅಲ್ದಾ?”

ಬಟ್ಟೆ ಅಂಗಡಿಯಿಂದ ಸಿದ್ಧಲಿಂಗೇಶ್ ಕೂಗಿ ಹೇಳಿದ, “ಗಾಡಿ ನಿಲ್ಸೋಕೆ ಜಾಗ ಇಲ್ಲಾಂದ್ರೆ ಗಿರಾಕಿ ಬರ್ತಾರೇನ್ರೀ ಮೇಡಂ? ನಾವು ಅಂಗಡಿ ಮುಚ್ಚಿ ನಿಮ್ಮ ಸೈಕಲ್ ಪಟ್ಟಿ ಮೇಲೆ ಕೂತು ಭಜನೆ ಮಾಡ್ಬೇಕಾ?”

“ಈಗ ನಿಮ್ಮ ಅಂಗಡಿ ಮುಂದೆ ನಿಂತಿರೋ ಬೈಕು ಯಾರ್ದು?” ಅಂತ ಕೇಳಿದಳು ನಯನ.

ಸಿದ್ಧಲಿಂಗೇಶ್ ನೋಡಿದ. ಒಂದು ಅವನದೇ. ಒಂದು ವೀರಬಸಪ್ಪನದು. ಮಿಕ್ಕವು ಬೆಳಗ್ಗೆ ನಿಲ್ಲಿಸಿ ಶಿವಮೊಗ್ಗದ ಬಸ್ಸು ಹತ್ತಿ, ಸಂಜೆ ಬಂದು ತೆಗೆದುಕೊಂಡು ಹೋಗುವವರವು.

“ಇವ್ರಲ್ಲಿ ಯಾರು ನಿಮ್ಮ ಹತ್ರ ಪಂಚೆ ತಗೊಂಡ್ರು? ಗಿರಾಕಿ ನಿಲ್ಲೋ ಜಾಗದಲ್ಲಿ ದಿನವಿಡೀ ಖಾಲಿ ಗಾಡಿ ನಿಂತಿದೆ. ನಡೆದು ಹೋಗೋರು ತಾನೇ ಅಂಗಡಿ ಕಡೆ ಮುಖ ತಿರುಗಿಸಿ ನೋಡೋದು?”

“ಬಾಯಿ ಜೋರಿದೆ,” ಅಂದ ಸಿದ್ಧಲಿಂಗೇಶ್.

ಒಳಗಿನಿಂದ ಜಗದಾಂಬಮ್ಮ ಬಾಗಿಲಿಗೆ ಬಂದಿದ್ದರು. “ಮಗಳೇ, ಆ ಕಲ್ಲಿನ ದಾರಿ ಮಠದ ತನಕ ಹೋಗ್ತದೇನು?”

“ಮಠದ ಮೆಟ್ಟಿಲ ತನಕ ಹೋಗ್ತದೆ ಅಜ್ಜಿ.”

“ಯಾವಾಗ ಆಗ್ತದೆ?”

“ಇವರೆಲ್ಲ ಒಪ್ಪಿದ ಮೇಲೆ.”

ಅಜ್ಜಿ ಮಗನ ಮುಖ ನೋಡಿದರು. ವೀರಬಸಪ್ಪ ತಕ್ಕಡಿ ಕಡೆ ತಿರುಗಿಕೊಂಡ. ಆ ವಾರವೇ ಅಂಗಡಿಯವರೆಲ್ಲ ತಕರಾರು ಬರೆದು ಪುರಸಭೆಗೆ ಕೊಟ್ಟರು. ಮೊದಲ ಸಹಿ ವೀರಬಸಪ್ಪನದು. ಕೆಲಸ ನಿಂತಿತು.

ಮಳೆಗಾಲ ಕಳೆದು ಚಳಿ ಹಿಡಿಯುವ ಹೊತ್ತಿಗೆ, ಒಂದು ಸಂತೆ ದಿನ ಮಧ್ಯಾಹ್ನ, ಗಣೇಶನ ಫೋನು ಬಂತು.

“ವೀರಣ್ಣ, ಅವ್ವಂಗೆ ಆರಾಮಿಲ್ಲ. ಡಾಕ್ಟ್ರು ಮನೆಗೇ ಕರ್ಕೊಂಡು ಹೋಗಿ ಅಂದ್ರು. ನಿನ್ನೆಯಿಂದ ದೊಡ್ಡವ್ವನ್ನೇ ಕೇಳ್ತಿದಾಳೆ. ಜಗದಾಂಬ ಬಂದ್ಲಾ, ಬಂದ್ಲಾ ಅಂತ. ಒಂದು ಗಳಿಗೆ ಕರ್ಕೊಂಡು ಬರ್ತೀರಾ?”

ಈ ಸಲ ವೀರಬಸಪ್ಪ ನಾಳೆ ಅನ್ನಲಿಲ್ಲ. ಹಿಂದಿನ ಓಣಿಯಿಂದ ಕಾರು ತೆಗೆದ. ಅವ್ವನನ್ನು ಹಿತ್ತಲ ಬಾಗಿಲಿಂದ ಕರೆತಂದು ಮುಂದಿನ ಸೀಟಿನಲ್ಲಿ ಕೂರಿಸಿದ. ಓಣಿ ಸುತ್ತಿ ದೊಡ್ಡ ರಸ್ತೆಗೆ ಬಂದು, ಅಲ್ಲಿಂದ ಪೇಟೆ ಬೀದಿಯ ಬಾಯಿಗೆ ತಿರುಗಿಸಿದ. ಸಂತೆಯ ಜನ, ಆಟೋ, ತಳ್ಳುಗಾಡಿ. ಒಂದೊಂದು ಮಾರಿಗೂ ನಿಂತು ನಿಂತು ಕಾರು ಹೋಯಿತು. ಕೊನೆಗೆ ಪೂರ್ತಿ ನಿಂತಿತು. ಮುಂದೆ ಒಂದು ಲಾರಿ ಬೀದಿಗೆ ಅಡ್ಡವಾಗಿ ನಿಂತಿದೆ. ಹಿಂದೆ ತಿರುಗಿಸೋಣ ಅಂದರೆ ಹಿಂದೆಯೂ ಸಾಲು.

ವೀರಬಸಪ್ಪ ಹಾರನ್ ಮಾಡಿದ. ಕಿಟಕಿಯಿಂದ ತಲೆ ಹಾಕಿ ಕೂಗಿದ. “ಯಾವನಯ್ಯ ಅವನು ಲಾರಿ ನಿಲ್ಸಿರೋನು? ತೆಗಿ!”

ಡ್ರೈವರ್ ಇಳಿದು ಬಂದ. ವೀರಬಸಪ್ಪನನ್ನು ನೋಡಿ ಹಲ್ಲು ಬಿಟ್ಟ. “ನಿಮ್ದೇ ಲೋಡು ಸಾಹುಕಾರ್ರೇ. ಬೆಲ್ಲ. ಅರ್ಧ ಇಳಿಸೀವಿ. ಇನ್ನರ್ಧ ವಾಪಸ್ ಒಯ್ಯಲಾ?”

ಆಗ ಅವನು ಪಕ್ಕಕ್ಕೆ ನೋಡಿದ. ಕಾರು ನಿಂತಿದ್ದುದು ಅವನ ಮನೆಯ ಬಾಗಿಲಲ್ಲೇ. ಅಷ್ಟು ಸುತ್ತಿ, ಅಷ್ಟು ಹೊತ್ತು ಕಳೆದು, ಅವ್ವನನ್ನು ಕರೆದುಕೊಂಡು ಅವನು ಬಂದಿದ್ದು ಅವ್ವ ದಿನಾ ನಿಲ್ಲುವ ಕಂಬದ ಎದುರಿಗೆ.

ಜಗದಾಂಬಮ್ಮ ಕಾರಿನ ಬಾಗಿಲಿನ ಹಿಡಿ ಯಾವುದೆಂದು ತಡಕಾಡುತ್ತಿದ್ದರು. “ಇಳಿಸಪ್ಪ. ನಡೀತೀನಿ.”

ಕಾರನ್ನು ಅಲ್ಲೇ ಬಿಟ್ಟು ವೀರಬಸಪ್ಪ ಅವ್ವನ ಕೈ ಹಿಡಿದು ಬದಿಯ ಹಾಸುಗಲ್ಲಿಗೆ ಹತ್ತಿಸಿದ. ಆ ಬೀದಿಯಲ್ಲಿ ಹುಟ್ಟಿ ಬೆಳೆದವನು ಅವನು. ಆದರೆ ದೊಡ್ಡವನಾದ ಮೇಲೆ ಅದರಲ್ಲಿ ಈ ತುದಿಯಿಂದ ಆ ತುದಿಗೆ ಅವನು ನಡೆದದ್ದೇ ಇಲ್ಲ. ಬೈಕಿನಲ್ಲಿ ಹೋಗುವವನಿಗೆ ಬೀದಿ ಕಾಣುವುದಿಲ್ಲ, ಮುಂದಿನ ಗಾಡಿ ಕಾಣುತ್ತದೆ.

ಮೊದಲ ಹೆಜ್ಜೆಗೇ ಅವನ ಅಂಗಡಿಯ ಮೂಟೆಗಳು ಅಡ್ಡ. ಅವುಗಳನ್ನು ಬಳಸಲು ರಸ್ತೆಗೆ ಇಳಿಯಬೇಕು. ಇಳಿಯುವ ಎತ್ತರ ಅವ್ವನ ಮೊಣಕಾಲಿನಷ್ಟು. ಅವನು ಎರಡೂ ಕೈ ಕೊಟ್ಟು ಇಳಿಸಿದ. ಸಂದಿಯಲ್ಲಿ ನುಸುಳಿ ಬಂದ ಆಟೋದ ಕನ್ನಡಿ ಅವ್ವನ ಸೆರಗಿಗೆ ತಗುಲಿ ಹೋಯಿತು.

“ಎಡಕ್ಕೆ ಬಾ,” ಅಂದರು ಜಗದಾಂಬಮ್ಮ. “ಆ ಕಲ್ಲು ತುಳೀಬೇಡ. ಅಲ್ಲಾಡ್ತದೆ.”

ಸಿದ್ಧಲಿಂಗೇಶನ ಅಂಗಡಿ ದಾಟಿ ಅರ್ಧ ಬೀದಿಗೆ ಬಂದಿದ್ದರು. ಬೈಕುಗಳ ಸಾಲಿನ ಹಿಂದಿನ ಚಪ್ಪಡಿ ಅದು. ವೀರಬಸಪ್ಪ ಕಾಲಿಟ್ಟು ನೋಡಿದ. ಅಲ್ಲಾಡಿತು.

“ನಿನಗೆ ಹೆಂಗೆ ಗೊತ್ತವ್ವಾ?”

“ಬಿದ್ದಿದ್ನಲ್ಲ ಅಲ್ಲಿ.”

ಅವನು ನಿಂತುಬಿಟ್ಟ. “ಯಾವಾಗ?”

“ಆವತ್ತು. ಕಡೇ ಸಲ ಪುರಾಣಕ್ಕೆ ಹೋದಾಗ. ಬೈಕಿನೋನು ಹಿಂದೆಯಿಂದ ಒತ್ತರಿಸ್ದ. ಸರಿಯೋಣ ಅಂತ ಹೋದೆ, ಕಲ್ಲು ಜಾರ್ತು. ಮಾಸ್ತಿನೇ ಎಬ್ಬಿಸಿ ಕೂರಿಸಿದ್ಲು.”

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಇನ್ನು ಹೋಗ್ಲೇಬೇಡ ಅಂತಿದ್ದಿ. ಆಮೇಲೆ ನನಗೇ ಧೈರ್ಯ ಬರ್ಲಿಲ್ಲ. ಮಾಸ್ತಿಗೂ ಆಮೇಲೆ ಇತ್ತಕಡೆ ಬರೋಕೆ ಆಗ್ಲಿಲ್ಲ, ಅವಳ ಕಣ್ಣು ಮಂಜಾಯ್ತು. ಮೊಣಕಾಲು ನೋವು ಅಂದೆ. ನಿಂತಿದ್ಯಾಕೆ? ನಡಿ, ಹೊತ್ತಾಗ್ತದೆ.”

ವೀರಬಸಪ್ಪ ಅವ್ವನ ಕೈ ಬಿಗಿಯಾಗಿ ಹಿಡಿದು ನಡೆದ. ಒಂದೇ ಬೀದಿ. ಈ ತುದಿಯಲ್ಲಿ ಒಬ್ಬರು, ಆ ತುದಿಯಲ್ಲಿ ಒಬ್ಬರು. ಇಬ್ಬರೂ ಬದುಕಿದ್ದರು. ಜಗಳ ಇರಲಿಲ್ಲ, ಮುನಿಸು ಇರಲಿಲ್ಲ. ನಡುವೆ ಇದ್ದದ್ದು ಅವನ ಮೂಟೆ, ಸಿದ್ಧಲಿಂಗೇಶನ ಬೈಕು, ಒಂದು ಅಲ್ಲಾಡುವ ಕಲ್ಲು.

ಅವರು ತಲುಪಿದಾಗ ಮಾಸ್ತಮ್ಮನ ಮಾತು ನಿಂತಿತ್ತು. “ಈಗ ಸ್ವಲ್ಪ ಹೊತ್ತಿನ ಮುಂಚೆ ತನಕ ಕೇಳ್ತಿದ್ಲು ದೊಡ್ಡವ್ವಾ,” ಅಂದ ಗಣೇಶ. ಅವನ ಕೈಯಲ್ಲಿ ಇನ್ನೂ ಸೈಕಲ್ಲಿನ ಎಣ್ಣೆಯ ಮಸಿ ಇತ್ತು.

ಜಗದಾಂಬಮ್ಮ ಹಾಸಿಗೆಯ ಬದಿಗೆ ಕೂತರು. ಗೆಳತಿಯ ಕೈ ತೆಗೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಕಣ್ಣು ತೆರೆದೇ ಇತ್ತು. ನೋಡುತ್ತಿದೆಯೋ ಇಲ್ಲವೋ ತಿಳಿಯದು. ಬಹಳ ಹೊತ್ತು ಅವರು ಸುಮ್ಮನಿದ್ದರು. ಮಾಸ್ತಮ್ಮ ಶುರು ಮಾಡಲಿ ಅಂತ ಕಾಯುತ್ತಿದ್ದರು ಅನ್ನುವುದು ವೀರಬಸಪ್ಪನಿಗೆ ಆಮೇಲೆ ಹೊಳೆಯಿತು.

ಶುರು ಆಗಲಿಲ್ಲ. ಕೊನೆಗೆ ಜಗದಾಂಬಮ್ಮನೇ ಬಾಗಿ ಗೆಳತಿಯ ಕಿವಿಯ ಹತ್ತಿರ ಮೊದಲರ್ಧ ಹೇಳತೊಡಗಿದರು. ಒಂದು ಸಾಲು ಬಂತು. ಎರಡನೆಯದೂ ಬಂತು. ಮೂರನೆಯ ಸಾಲಿಗೆ ದನಿ ನಿಂತಿತು. ಅದು ಅವರ ಪಾಲಲ್ಲ. ಅದನ್ನು ಅವರು ಯಾವತ್ತೂ ಹೇಳಿದವರಲ್ಲ, ಕೇಳಿದವರು. ಗಣೇಶ ಕಾದ. ವೀರಬಸಪ್ಪ ಕಾದ. ಹೊರಗೆ ಹಾರನ್ನು ಹೊಡೆದುಕೊಳ್ಳುತ್ತಿತ್ತು. ಆ ಸಾಲು ಬರಲೇ ಇಲ್ಲ.

ಮಾರನೇ ದಿನ ಬೆಳಕು ಹರಿಯುವ ಮುಂಚೆ ಮಾಸ್ತಮ್ಮ ಹೋಗಿಬಿಟ್ಟರು.

ಮಣ್ಣು ಮಾಡಿ ಬಂದ ಮೇಲೆ ವೀರಬಸಪ್ಪ ಅಂಗಡಿ ತೆರೆದು ಸುಮ್ಮನೆ ಕೂತಿದ್ದ. ಹೆಂಡತಿ ಸುನಿತಾ ಬಂದಳು. ಒಂದು ಮೂಟೆಯ ಕಿವಿ ಹಿಡಿದು ಎಳೆಯತೊಡಗಿದಳು.

“ಏನು ಮಾಡ್ತೀಯೇ?”

“ಒಳಗಿಡ್ತೀನಿ. ಅತ್ತೆ ಮೊದಲು ಎಡವೋದೇ ಇದಕ್ಕೆ. ನಾನೂ ದಿನಾ ನೋಡ್ತಿದ್ದೆ, ಸುಮ್ನಿದ್ದೆ. ನೀವು ಆ ಕಡೆ ಹಿಡೀರಿ.”

ಅವನು ಹಿಡಿದ.

ವಾರದೊಳಗೆ ಅವನು ಪುರಸಭೆಗೆ ಹೋಗಿ ತನ್ನ ತಕರಾರು ವಾಪಸ್ ತೆಗೆದ. ಪೇಟೆಯವರ ಸಭೆ ಸೇರಿದಾಗ ಸಿದ್ಧಲಿಂಗೇಶ್ ಕುಟುಕಿದ. “ಏನು ವೀರಣ್ಣ, ಮೊದಲ ಸಹಿ ನಿಂದೇ, ಮೊದಲ ಪಲಾಯನಾನೂ ನಿಂದೇ?”

“ಹೌದಪ್ಪ,” ಅಂದ ವೀರಬಸಪ್ಪ. “ನಿನಗೂ ಅವ್ವ ಇದ್ದಾಳಲ್ಲ, ಕೈ ಹಿಡ್ಕೊಂಡು ಒಂದು ಸಲ ಮಠದ ತನಕ ಹೋಗಿ ಬಾ. ಬಂದ ಮೇಲೂ ಬೇಡ ಅಂದ್ರೆ, ನಿನ್ನ ತಕರಾರಿಗೆ ನಾನೇ ಮತ್ತೆ ಸಹಿ ಹಾಕ್ತೀನಿ.”

ಸಿದ್ಧಲಿಂಗೇಶ್ ನಗಲು ಹೋದ. ನಗು ಬರಲಿಲ್ಲ. “ನಮ್ಮವ್ವನೂ ಹೊರಗೆ ಬರೋದು ಬಿಟ್ಟು ಎಷ್ಟು ಕಾಲ ಆಯ್ತೋ,” ಅಂದ, ತನಗೇ ಹೇಳಿಕೊಂಡ ಹಾಗೆ.

ಒಬ್ಬೊಬ್ಬರಾಗಿ ಮಿಕ್ಕವರೂ ತಕರಾರು ವಾಪಸ್ ತೆಗೆದರು. ಕೆಲಸ ಶುರುವಾಯಿತು. ಧೂಳು ಎದ್ದಿತು, ಕೆಲವು ತಿಂಗಳು ವ್ಯಾಪಾರ ಇಳಿಯಿತು, ಬೈಗುಳವೂ ಬಂತು. ಡಾಂಬರು ಅಗೆದಾಗ ಕೆಳಗೆ ಹಿರಿಯರು ರಸ್ತೆಗೂ ಹಾಸಿದ್ದ ಕಲ್ಲು ಸಿಕ್ಕಿತು. ನಯನ ಅದನ್ನೇ ತೊಳೆಸಿ ಕಾಲುದಾರಿಗೆ ಹಾಕಿಸಿದಳು. ಈಗ ಲಾರಿ ಬೆಳಗ್ಗೆಯೇ ಮಾಲು ಇಳಿಸಿ ಹೋಗುತ್ತದೆ. ಶಾಲೆಯ ಹೆಣ್ಣುಮಕ್ಕಳು ಸೈಕಲ್ ತುಳಿಯುತ್ತಾರೆ. ಗಣೇಶನಿಗೆ ಕೈ ತುಂಬ ಕೆಲಸ. ಹಳ್ಳಿಯಿಂದ ಬಂದವರು ತುದಿಯಲ್ಲಿ ಬಸ್ಸಿಳಿದು, ಎರಡೂ ಬದಿಯ ಅಂಗಡಿ ನೋಡುತ್ತ ನಡೆದು ಬರುತ್ತಾರೆ. ಸಿದ್ಧಲಿಂಗೇಶನ ಪಂಚೆ ಮೊದಲಿಗಿಂತ ಹೆಚ್ಚೇ ಹೋಗುತ್ತಿದೆ. ಅದನ್ನು ಮಾತ್ರ ಅವನು ಬಾಯಿ ಬಿಟ್ಟು ಒಪ್ಪುವುದಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಊರಲ್ಲೂ ಇಂಥದ್ದೊಂದು ಹಳೇ ಬೀದಿ ಇದ್ದೇ ಇರುತ್ತದೆ. ನಿಮ್ಮ ಮನೆಯಲ್ಲೂ ಹೊರಗೆ ಬರುವುದನ್ನು ಬಿಟ್ಟ ಹಿರಿಯರೊಬ್ಬರು ಇರಬಹುದು. ಕಾಲು ನೋವು ಅಂತ ಅವರು ಹೇಳಿದ್ದನ್ನು ಅಷ್ಟಕ್ಕೇ ನಂಬಬೇಡಿ. ಕೈ ಹಿಡಿದು ಅವರ ಜೊತೆ ಒಂದು ಸಲ ನಡೆಯಿರಿ, ಎಲ್ಲಿ ಕಾಲು ತಡೆಯುತ್ತದೆ ಅಂತ ನೋಡಿ. ಅಂಗಡಿ ಇದ್ದರೆ ಮೂಟೆಯನ್ನು ಇವತ್ತೇ ಒಳಗಿಡಿ, ಅದಕ್ಕೆ ಯಾವ ಯೋಜನೆಯೂ ಬೇಕಾಗಿಲ್ಲ. ಹತ್ತಿರದ ಕೆಲಸಕ್ಕೆ ನಡೆದು ಹೋಗಿ, ಇಲ್ಲವೇ ಸೈಕಲ್ ತುಳಿಯಿರಿ. ದೂರಕ್ಕೆ ಬಸ್ಸು ಹತ್ತಿ. ಗಾಡಿ ತಂದರೆ ದಾರಿ ಬಿಟ್ಟು ನಿಲ್ಲಿಸಿ. ಪುರಸಭೆಯವರು ಬೀದಿಯ ಬಗ್ಗೆ ಸಭೆ ಕರೆದರೆ ತಪ್ಪದೆ ಹೋಗಿ, ತಕರಾರು ಬರೆಯುವ ಮೊದಲು ನಕ್ಷೆ ನೋಡಿ, ತಿಳಿಯದ್ದನ್ನು ಕೇಳಿ. ಮಾಡುವುದನ್ನು ತಡ ಮಾಡಬೇಡಿ. ತಡವಾದರೆ ಏನಾಗುತ್ತದೆ ಅನ್ನುವವರಿಗೆ ವೀರಬಸಪ್ಪನ ಮನೆಯ ಒಂದು ಸಂಜೆಯ ಮಾತು ಹೇಳಿ ಮುಗಿಸುತ್ತೇವೆ.

ಮತ್ತೆ ಶ್ರಾವಣ ಬಂದಿತ್ತು. ಮಠದಲ್ಲಿ ಪುರಾಣ ಶುರುವಾಗುವ ಹೊತ್ತು. ಮಳೆ ನಿಂತು ಕಾಲುದಾರಿಯ ಕಲ್ಲು ತೊಳೆದಿಟ್ಟ ಹಾಗಿತ್ತು. ವೀರಬಸಪ್ಪ ಅಂಗಡಿಯನ್ನು ಬೇಗ ಮುಚ್ಚಿ, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಜಗಲಿಯಲ್ಲಿ ಕೂತಿದ್ದ ಅವ್ವನ ಎದುರು ಬಂದು ನಿಂತ.

“ಅವ್ವಾ, ಏಳು. ದಾರಿ ಎಷ್ಟು ಚೆಂದ ಆಗೈತೆ ನೋಡು. ಮಠದ ಮೆಟ್ಟಿಲ ತನಕ ಒಂದು ಕಡೇನೂ ಎಡವಲ್ಲ. ಪುರಾಣಕ್ಕೆ ಹೋಗೋಣ, ನಾ ಕೈ ಹಿಡೀತೀನಿ.”

ಜಗದಾಂಬಮ್ಮ ಬೀದಿಯನ್ನು ನೋಡಿದರು. ಈ ತುದಿಯಿಂದ ಆ ತುದಿಯ ತನಕ ತಡೆಯಿಲ್ಲದೆ ಕಾಣುತ್ತಿತ್ತು. ಗಣೇಶನ ಮನೆಯ ದೀಪವೂ ಕಾಣುತ್ತಿತ್ತು.

“ಚೆಂದಾಗೈತೆ ಕಣಪ್ಪ,” ಅಂದರು. “ನಡೆಯೋರು ನಡೀಲಿ.”

“ಬಾರವ್ವಾ. ಇವತ್ತೊಂದಿನ. ನನಗೋಸ್ಕರ,” ಅಂತ ಅವನು ಅವ್ವನ ಕೈ ಹಿಡಿದ.

ಅವರು ಮಗನ ಕೈಯಿಂದ ತಮ್ಮ ಕೈ ಮೆಲ್ಲಗೆ ಬಿಡಿಸಿಕೊಂಡರು.

“ಇಲ್ಲಪ್ಪ,” ಅಂದರು. “ನಾ ಬರಲ್ಲ.”